ಪ್ರಿಂಟ್‌ನಲ್ಲಿ ಬಿಳಿ ಗೆರೆ, ಮಸುಕು ಅಕ್ಷರ: ಹೆಡ್ ಕ್ಲೀನಿಂಗ್ ಒತ್ತೋ ಮೊದಲು ಈ ಒಂದು ಹಾಳೆ ತೆಗೆದು ನೋಡಿ

ಹಾಸನ: ಅಡ್ಮಿಷನ್ ಸಮಯ ಬಂತು ಅಂದ್ರೆ ತಾಲೂಕು ಕಚೇರಿ, ನಾಡಕಚೇರಿ, ಕಾಲೇಜು ಗೇಟ್ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ನಿಲ್ಲೋಕೆ ಜಾಗ ಇರಲ್ಲ. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲವೂ ಬಹುಪಾಲು ಅಂಗಡಿಗಳಲ್ಲಿ ಒಂದೋ ಎರಡೋ ಇಂಕ್‌ಜೆಟ್ ಪ್ರಿಂಟರ್‌ನಿಂದಲೇ ಹೊರಗೆ ಬರಬೇಕು. ಅಂಥ ಹೊತ್ತಲ್ಲೇ ಅಕ್ಷರದ ನಡುವೆ ಬಿಳಿ ಗೆರೆ ಬೀಳುತ್ತೆ, ಫೋಟೋದಲ್ಲಿ ಮುಖ ಹಸಿರಾಗುತ್ತೆ, ಕ್ಯೂಆರ್ ಕೋಡ್ ಸ್ಕ್ಯಾನ್ ಆಗಲ್ಲ. ಗ್ರಾಹಕ ಹಾಳೆ ವಾಪಸ್ ಕೊಡ್ತಾನೆ. ಕೆಲವೊಮ್ಮೆ ಅಂಗಡಿಯಲ್ಲಿ ಯಾರೂ ಗಮನಿಸಿರಲ್ಲ, ಕೌಂಟರ್‌ನಲ್ಲಿ ಅರ್ಜಿ ತಿರಸ್ಕಾರ ಆದಮೇಲೆ ಗೊತ್ತಾಗುತ್ತೆ. ಅಷ್ಟರಲ್ಲಿ ಹಳ್ಳಿಯಿಂದ ಬಂದವರ ಒಂದು ದಿನದ ಕೂಲಿ, ಬಸ್ ಚಾರ್ಜ್ ಎರಡೂ ಹೋಗಿರುತ್ತೆ.

ಹೀಗಾದಾಗ ಎಲ್ಲರೂ ಮಾಡೋದು ಒಂದೇ: ಹೆಡ್ ಕ್ಲೀನಿಂಗ್. ಒಂದು ಸಲ, ಎರಡು ಸಲ, ಐದು ಸಲ. ಸರಿ ಹೋಗ್ಲಿಲ್ಲ ಅಂದ್ರೆ ಮತ್ತೊಂದು ಸಲ. ಆದರೆ ಪ್ರತಿ ಕ್ಲೀನಿಂಗ್‌ಗೂ ಟ್ಯಾಂಕಿನ ಇಂಕ್ ಕಾಗದಕ್ಕೆ ಹೋಗದೆ ಪ್ರಿಂಟರ್ ಒಳಗಿನ ವೇಸ್ಟ್ ಪ್ಯಾಡ್‌ಗೆ ಹೋಗುತ್ತೆ. ದೋಷ ಇರೋದು ಹೆಡ್‌ನಲ್ಲಿ ಅಲ್ಲವೇ ಅಲ್ಲ ಅಂದ್ರೆ ಅಷ್ಟೂ ಇಂಕ್ ದಂಡ. ಹಾಗಾದರೆ ದೋಷ ಎಲ್ಲಿದೆ ಅಂತ ತಿಳಿಯೋದು ಹೇಗೆ? ಯಾವುದಕ್ಕೆ ಏನು ಮಾಡಬೇಕು? ಅಂಗಡಿಯವರಿಗೂ ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವರಿಗೂ ಬೇಕಾಗುವ ಮಾಹಿತಿ ಇಲ್ಲಿದೆ.

ಮೊದಲ ಪ್ರಶ್ನೆ: ತಪ್ಪು ಪ್ರಿಂಟರ್‌ದೋ, ಫೈಲ್‌ದೋ, ಗ್ಲಾಸ್‌ದೋ?

ಮೊಬೈಲ್ ಅಥವಾ ಕಂಪ್ಯೂಟರ್‌ನಿಂದ ಕೊಟ್ಟ ಪ್ರಿಂಟ್ ಚೆನ್ನಾಗಿ ಬರುತ್ತೆ, ಜೆರಾಕ್ಸ್ ತೆಗೆದರೆ ಮಾತ್ರ ಗೆರೆ ಅಥವಾ ಚುಕ್ಕೆ ಬರುತ್ತೆ ಅಂದ್ರೆ ಹೆಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಸ್ಕ್ಯಾನರ್ ಗ್ಲಾಸ್ ಮೇಲೆ ವೈಟ್‌ನರ್, ಗೋಂದು, ಬೆರಳಿನ ಎಣ್ಣೆ ಅಂಟಿರುತ್ತೆ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಗ್ಲಾಸ್ ಕ್ಲೀನರನ್ನು ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಒರೆಸಬೇಕು, ಗ್ಲಾಸ್ ಮೇಲೆ ನೇರವಾಗಿ ಸಿಂಪಡಿಸಬಾರದು. ಮೇಲಿನಿಂದ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಎಡಿಎಫ್ ಇರುವ ಮಷಿನ್ ಆದರೆ ದೊಡ್ಡ ಗ್ಲಾಸ್ ಪಕ್ಕದಲ್ಲಿ ಒಂದು ಸಣ್ಣ ಗ್ಲಾಸ್ ಪಟ್ಟಿ ಇರುತ್ತೆ. ಅದರ ಮೇಲೆ ಒಂದೇ ಒಂದು ಚುಕ್ಕೆ ಕೊಳೆ ಕೂತರೂ ಇಡೀ ಹಾಳೆಯ ಉದ್ದಕ್ಕೆ ಕಪ್ಪು ಗೆರೆ ಬರುತ್ತೆ. ಹಾಳೆ ಚಲಿಸುತ್ತೆ, ಚುಕ್ಕೆ ನಿಂತಲ್ಲೇ ಇರುತ್ತೆ, ಅದಕ್ಕೇ ಗೆರೆ.

ಇನ್ನು ಫೈಲ್. ಗ್ರಾಹಕರು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ದಾಖಲೆ ಮಸುಕಾಗಿ ಬರೋದು ಪ್ರಿಂಟರ್ ತಪ್ಪಲ್ಲ. ಎ4 ಹಾಳೆ ತುಂಬಾ 300 ಡಿಪಿಐ ಸ್ಪಷ್ಟತೆಯಲ್ಲಿ ಪ್ರಿಂಟ್ ಬರಬೇಕು ಅಂದ್ರೆ ಚಿತ್ರ 2480 × 3508 ಪಿಕ್ಸೆಲ್ ಇರಬೇಕು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತೆ. ಅದೇ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಕನ್ನಡ ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದರೆ ಅದೂ ಪ್ರಿಂಟರ್‌ದಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಅದು, ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ ಅಷ್ಟೆ. ಟೈಪ್ ಮಾಡಿದ ಕಡೆಯೇ ಪಿಡಿಎಫ್ ಮಾಡಿಸಿ ತರೋದು ಸುಲಭದ ದಾರಿ. ಪಿಡಿಎಫ್‌ನಲ್ಲಿ ಸ್ಕ್ರೀನ್ ಮೇಲೆ ಸರಿಯಾಗಿದ್ದ ಒತ್ತಕ್ಷರ ಪ್ರಿಂಟ್‌ನಲ್ಲಿ ಬಿಟ್ಟುಹೋದರೆ ಅಡೋಬ್ ರೀಡರ್‌ನ ಪ್ರಿಂಟ್ ವಿಂಡೋದಲ್ಲಿ 'ಅಡ್ವಾನ್ಸ್ಡ್' ಒತ್ತಿ 'ಪ್ರಿಂಟ್ ಆ್ಯಸ್ ಇಮೇಜ್' ಟಿಕ್ ಮಾಡಿ ಕೊಡಿ.

ಈ ಮೂರೂ ಅಲ್ಲ ಅಂತ ಖಚಿತ ಆದಮೇಲೆ ಮಾತ್ರ ಹೆಡ್ ಕಡೆ ನೋಡಬೇಕು.

ನಾಜಲ್ ಚೆಕ್: ಎಲ್ಲಾ ಉತ್ತರ ಈ ಒಂದು ಹಾಳೆಯಲ್ಲಿ

ಔಷಧಿ ಹೊಡೆಯೋ ಸ್ಪ್ರೇಯರ್‌ನ ನಾಜಲ್ ಕಟ್ಟಿದರೆ ಏನಾಗುತ್ತೆ ಅಂತ ರೈತರಿಗೆ ಹೇಳಿಕೊಡಬೇಕಿಲ್ಲ. ಇಂಕ್‌ಜೆಟ್ ಹೆಡ್ ಕೂಡ ಹಾಗೆಯೇ. ಕೂದಲಿಗಿಂತ ಸಣ್ಣ ತೂತುಗಳು ಸಾಲಾಗಿ ಇರುತ್ತವೆ. ಉದಾಹರಣೆಗೆ ಎಪ್ಸನ್ ಎಲ್ 3110ರಲ್ಲಿ ಕಪ್ಪಿಗೆ 180, ಉಳಿದ ಮೂರು ಬಣ್ಣಗಳಿಗೆ ತಲಾ 59 ನಾಜಲ್ ಇವೆ. ಹೆಡ್ ಎಡದಿಂದ ಬಲಕ್ಕೆ ಓಡುವಾಗ ಪ್ರತಿ ನಾಜಲ್ ಒಂದು ಸಣ್ಣ ಗೆರೆ ಹಾಕಿಕೊಂಡು ಹೋಗುತ್ತೆ. ಒಂದು ನಾಜಲ್ ಕಟ್ಟಿದರೆ ಅದು ಓಡಿದ ಜಾಗ ಬಿಳಿ ಉಳಿಯುತ್ತೆ. ಬಿಳಿ ಗೆರೆ ಹಾಳೆಗೆ ಅಡ್ಡಡ್ಡ ಬರೋದು ಇದಕ್ಕೇ.

ನಾಜಲ್ ಚೆಕ್ ಅಂದ್ರೆ ಈ ತೂತುಗಳೆಲ್ಲಾ ಹಾಜರಿ ಹಾಕಿದ ಹಾಳೆ. ತೀರಾ ಕಡಿಮೆ ಇಂಕ್ ಸಾಕು. ಎಪ್ಸನ್, ಕ್ಯಾನನ್‌ನಲ್ಲಿ ಕಂಪ್ಯೂಟರ್‌ನಿಂದ ಹೀಗೆ ಹೋಗಬೇಕು: ಕಂಟ್ರೋಲ್ ಪ್ಯಾನೆಲ್‌ನ 'ಡಿವೈಸಸ್ ಅಂಡ್ ಪ್ರಿಂಟರ್ಸ್'ನಲ್ಲಿ ನಿಮ್ಮ ಪ್ರಿಂಟರ್ ಮೇಲೆ ರೈಟ್ ಕ್ಲಿಕ್, 'ಪ್ರಿಂಟಿಂಗ್ ಪ್ರಿಫರೆನ್ಸಸ್', ಅಲ್ಲಿ 'ಮೇಂಟೆನೆನ್ಸ್' ಟ್ಯಾಬ್, ಅದರಲ್ಲಿ 'ನಾಜಲ್ ಚೆಕ್'. ಮೇಂಟೆನೆನ್ಸ್ ಟ್ಯಾಬೇ ಕಾಣ್ತಿಲ್ಲ ಅಂದ್ರೆ ವಿಂಡೋಸ್ ತಾನಾಗಿ ಹಾಕಿಕೊಂಡ ಡ್ರೈವರ್ ಇರಬಹುದು. ಕಂಪನಿಯ ಸೈಟ್‌ನಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಹಾಕಿ. ಎಚ್‌ಪಿಯಲ್ಲಿ ಪ್ರಿಂಟರ್ ಸಾಫ್ಟ್‌ವೇರ್ ಅಥವಾ ಎಚ್‌ಪಿ ಸ್ಮಾರ್ಟ್ ಆ್ಯಪ್‌ನ ಪ್ರಿಂಟ್ ಕ್ವಾಲಿಟಿ ವಿಭಾಗದಲ್ಲಿ ಇದೇ ಕೆಲಸದ ಪರೀಕ್ಷಾ ಪುಟ ಸಿಗುತ್ತೆ.

ಕಂಪ್ಯೂಟರ್ ಇಲ್ಲದೆಯೂ ಆಗುತ್ತೆ. ಎಪ್ಸನ್ ಎಲ್ 3110ರಲ್ಲಿ ಪ್ರಿಂಟರ್ ಆಫ್ ಮಾಡಿ, ಸ್ಟಾಪ್ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡಿ, ಪವರ್ ಲೈಟ್ ಮಿನುಗಿದ ಕೂಡಲೇ ಎರಡೂ ಬಿಡಬೇಕು. ಬೇರೆ ಮಾಡೆಲ್‌ಗಳಲ್ಲಿ ಬಟನ್ ಬೇರೆ ಇರಬಹುದು, ಮ್ಯಾನುಯಲ್ ನೋಡಿಕೊಳ್ಳಿ.

ಹಾಳೆ ಬಂದಮೇಲೆ ಓದೋದು ಹೀಗೆ:

ಎಲ್ಲಾ ಗೆರೆಗಳೂ ಪೂರ್ತಿ ಇವೆ: ಹೆಡ್ ಚೆನ್ನಾಗಿದೆ. ಕ್ಲೀನಿಂಗ್ ಮುಟ್ಟಲೇಬೇಡಿ. ದೋಷ ಸೆಟ್ಟಿಂಗ್, ಕಾಗದ, ಅಲೈನ್‌ಮೆಂಟ್ ಇವುಗಳಲ್ಲಿದೆ.

ಅಲ್ಲಲ್ಲಿ ಗೆರೆ ಬಿಟ್ಟಿವೆ, ಎರಡನೇ ಸಲ ತೆಗೆದರೂ ಅದೇ ಜಾಗ ಬಿಟ್ಟಿದೆ: ಅಲ್ಲಿ ಇಂಕ್ ಒಣಗಿ ಕಟ್ಟಿದೆ. ಹೆಡ್ ಕ್ಲೀನಿಂಗ್ ಬೇಕಿರೋದು ಇದಕ್ಕೆ.

ಒಂದೊಂದು ಸಲ ಒಂದೊಂದು ಕಡೆ ಬಿಡುತ್ತೆ: ಕಟ್ಟಿಕೊಂಡಿರೋದಲ್ಲ, ಪೈಪ್‌ನಲ್ಲಿ ಗಾಳಿ ಸೇರಿರಬಹುದು ಅಥವಾ ಹೆಡ್ ಕೆಳಗಿನ ರಬ್ಬರ್ ಕ್ಯಾಪ್ ಸರಿಯಾಗಿ ಕೂರುತ್ತಿಲ್ಲ. ಮೇಲಿಂದ ಮೇಲೆ ಕ್ಲೀನಿಂಗ್ ಮಾಡಿದರೆ ಇನ್ನಷ್ಟು ಕೆಡುತ್ತೆ.

ಒಂದು ಬಣ್ಣ ಪೂರ್ತಿ ಮಾಯ: ಮೊದಲು ಟ್ಯಾಂಕ್ ನೋಡಿ. ಇಂಕ್ ಕೆಳಗಿನ ಗೆರೆಗಿಂತ ಇಳಿದಿದೆಯಾ? ಎಪ್ಸನ್ ಎಲ್ 210 ನಂಥ ಹಳೆಯ ಮಾಡೆಲ್ ಆದರೆ ಪಕ್ಕದಲ್ಲಿರುವ ಟ್ರಾನ್ಸ್‌ಪೋರ್ಟ್ ಲಾಕ್ 'ಪ್ರಿಂಟ್' ಕಡೆಗೇ ಇದೆಯಾ? ಅಂಗಡಿ ಬದಲಿಸುವಾಗ ಲಾಕ್ ಹಾಕಿ ಮರೆತರೆ ಇಂಕ್ ಹೆಡ್‌ಗೆ ಬರೋದೇ ಇಲ್ಲ.

ಪುಟದ ಮೇಲ್ಭಾಗ ಚೆನ್ನಾಗಿದ್ದು ಕೆಳಗೆ ಹೋಗ್ತಾ ಬಣ್ಣ ತೆಳುವಾಗುತ್ತೆ: ಇಂಕ್ ಸಾಕಷ್ಟು ವೇಗದಲ್ಲಿ ಬರ್ತಿಲ್ಲ. ಇದೂ ಇಂಕ್ ಹರಿವಿನ ತೊಂದರೆ, ಕಟ್ಟಿಕೊಂಡದ್ದಲ್ಲ.

ಹಳದಿ ಗೆರೆ ಬಿಳಿ ಹಾಳೆ ಮೇಲೆ ಕಣ್ಣಿಗೆ ಕಾಣೋದೇ ಕಷ್ಟ. ನೀಲಿ ಬಣ್ಣದ ಪ್ಲಾಸ್ಟಿಕ್ ಫೈಲ್ ಕವರ್ ಹಾಳೆ ಮೇಲಿಟ್ಟು ನೋಡಿ, ಹಳದಿ ಕಪ್ಪಗೆ ಎದ್ದು ಕಾಣುತ್ತೆ. ಫೋಟೋದಲ್ಲಿ ಚರ್ಮದ ಬಣ್ಣ ಗುಲಾಬಿ-ನೀಲಿಗೆ ತಿರುಗಿದ್ದರೆ ಹಳದಿ ಕೈಕೊಟ್ಟಿರಬಹುದು, ಮುಖ ಹಸಿರಾಗಿದ್ದರೆ ಮಜೆಂತಾ ನೋಡಿ.

ಒಂದು ಅಭ್ಯಾಸ ಇಟ್ಟುಕೊಳ್ಳಿ. ನಾಜಲ್ ಚೆಕ್ ಹಾಳೆ ಎಸೆಯಬೇಡಿ. ಮೇಲೆ ತಾರೀಖು, ಎಷ್ಟನೇ ಸಲ ಅಂತ ಪೆನ್ನಿನಲ್ಲಿ ಬರೆದು ಫೈಲ್‌ಗೆ ಹಾಕಿ. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಮಾತ್ರ ಮೇಲಿನ ವ್ಯತ್ಯಾಸ ಗೊತ್ತಾಗೋದು. ನಾಳೆ ಟೆಕ್ನಿಷಿಯನ್ ಬಂದಾಗ ಕೈಗೆ ಕೊಡೋಕೂ ಅದೇ ಬೇಕು.

ಹೆಡ್ ಕ್ಲೀನಿಂಗ್: ಮೂರು ಸಲ, ಆಮೇಲೆ ಬಿಡುವು

ಒಂದು ಸಲ ಕ್ಲೀನಿಂಗ್, ಒಂದು ಸಲ ನಾಜಲ್ ಚೆಕ್. ಈ ಕ್ರಮ ತಪ್ಪಬಾರದು. ಚೆಕ್ ಮಾಡದೆ ಸಾಲಾಗಿ ಕ್ಲೀನಿಂಗ್ ಕೊಟ್ಟರೆ ಸುಧಾರಿಸ್ತಾ ಇದೆಯೋ ಕೆಡ್ತಾ ಇದೆಯೋ ಅಂತಲೇ ತಿಳಿಯಲ್ಲ.

ಎಪ್ಸನ್ ಎಲ್ ಸರಣಿಗೆ ಕಂಪನಿಯೇ ಹೇಳೋದು: ಚೆಕ್ ಮತ್ತು ಕ್ಲೀನಿಂಗ್ ಮೂರು ಸಲ ಆದರೂ ಸರಿ ಹೋಗದಿದ್ದರೆ ಪ್ರಿಂಟರನ್ನು ಪವರ್ ಬಟನ್‌ನಿಂದ ಆಫ್ ಮಾಡಿ ಕನಿಷ್ಠ 12 ಗಂಟೆ ಬಿಡಿ. ಏನೂ ಪ್ರಿಂಟ್ ಮಾಡಬೇಡಿ. ಆಮೇಲೆ ಮತ್ತೆ ಚೆಕ್, ಕ್ಲೀನಿಂಗ್. ಬಿಡುವಿನಲ್ಲಿ ಪೈಪ್ ಒಳಗಿನ ಸಣ್ಣ ಗುಳ್ಳೆಗಳು ಅಡಗುತ್ತವೆ, ಗಟ್ಟಿಯಾದ ಇಂಕ್ ಹಸಿ ಇಂಕ್‌ನಲ್ಲಿ ನೆನೆಯುತ್ತೆ. ರಾತ್ರಿ ಅಂಗಡಿ ಮುಚ್ಚುವಾಗ ಹೀಗೆ ಬಿಟ್ಟು ಹೋದರೆ ಬೆಳಗ್ಗೆ ಸರಿ ಹೋಗಿರೋದು ಎಷ್ಟೋ ಸಲ ಇದೆ. ಕ್ಯಾನನ್‌ನಲ್ಲಿ ಕ್ಲೀನಿಂಗ್ ಎರಡು ಸಲ ಆದಮೇಲೆ ಒಂದು ಡೀಪ್ ಕ್ಲೀನಿಂಗ್, ಅದಕ್ಕೂ ಬಗ್ಗದಿದ್ದರೆ ಆಫ್ ಮಾಡಿ 24 ಗಂಟೆ ಬಿಟ್ಟು ಇನ್ನೊಂದು ಸಲ.

ಇಷ್ಟಕ್ಕೂ ಆಗಲಿಲ್ಲ ಅಂದಾಗ ಮಾತ್ರ 'ಪವರ್ ಕ್ಲೀನಿಂಗ್' ಅಥವಾ 'ಇಂಕ್ ಫ್ಲಶಿಂಗ್'. ಇದು ಪೈಪ್‌ನಲ್ಲಿರುವ ಇಂಕನ್ನೆಲ್ಲಾ ಹೊರಗೆ ಹಾಕಿ ಹೊಸದು ತುಂಬಿಸುತ್ತೆ, ಹಾಗಾಗಿ ಇಂಕ್ ಖರ್ಚು ಜೋರಾಗಿರುತ್ತೆ. ಎಪ್ಸನ್‌ನಲ್ಲಿ ಯಾವುದೇ ಒಂದು ಟ್ಯಾಂಕ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಂಕ್ ಇದ್ದರೂ ಇದನ್ನು ಕೊಡಲೇಬಾರದು. ಇಂಕ್ ಮಧ್ಯದಲ್ಲಿ ಮುಗಿದು ಗಾಳಿ ಎಳೆದುಕೊಂಡರೆ ಇದ್ದ ತೊಂದರೆ ಎರಡರಷ್ಟಾಗುತ್ತೆ. ಒಂದು ಪವರ್ ಕ್ಲೀನಿಂಗ್‌ಗೂ ಇನ್ನೊಂದಕ್ಕೂ ಕನಿಷ್ಠ 12 ಗಂಟೆ ಅಂತರ ಇರಲಿ.

ಖಾಲಿಯಾದ ಇಂಕ್ ಹೋಗೋದೆಲ್ಲಿ?

ಪ್ರತಿ ಕ್ಲೀನಿಂಗ್‌ನ ಇಂಕ್ ತಳದಲ್ಲಿರುವ ಸ್ಪಂಜಿನಂಥ ಪ್ಯಾಡ್‌ಗೆ ಇಳಿಯುತ್ತೆ. ಎಷ್ಟು ಇಳಿದಿದೆ ಅಂತ ಪ್ರಿಂಟರ್ ಲೆಕ್ಕ ಇಟ್ಟಿರುತ್ತೆ. ಲೆಕ್ಕ ತುಂಬಿದ ದಿನ ಲೈಟ್ ಮಿನುಗಿ ಪ್ರಿಂಟರ್ ನಿಂತುಬಿಡುತ್ತೆ. ಅಂದ್ರೆ ಬೇಕಿಲ್ಲದ ಕ್ಲೀನಿಂಗ್‌ನಿಂದ ಇಂಕ್ ಮಾತ್ರ ಅಲ್ಲ, ಪ್ರಿಂಟರ್‌ನ ಆಯಸ್ಸೂ ಖರ್ಚಾಗುತ್ತೆ. ಕೆಲವು ಹೊಸ ಮಾಡೆಲ್‌ಗಳಲ್ಲಿ ಮಾಲೀಕರೇ ಬದಲಿಸಬಹುದಾದ ಮೇಂಟೆನೆನ್ಸ್ ಕಾರ್ಟ್ರಿಜ್ ಕೊಟ್ಟಿದ್ದಾರೆ, ಕ್ಯಾನನ್ ಜಿ 2020, ಜಿ 3020 ಅಂಥವು. ಕಡಿಮೆ ಬೆಲೆಯ ಹಲವು ಮಾಡೆಲ್‌ಗಳಲ್ಲಿ ಈ ಸೌಲಭ್ಯ ಇಲ್ಲ, ಸರ್ವಿಸ್‌ಗೇ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ. 'ರಿಸೆಟರ್' ಅಂತ ಇಂಟರ್ನೆಟ್‌ನಲ್ಲಿ ಸಿಗೋ ಸಾಫ್ಟ್‌ವೇರ್ ಹಾಕಿ ಲೆಕ್ಕವನ್ನು ಸೊನ್ನೆ ಮಾಡೋದು ಸಾಮಾನ್ಯ. ಲೆಕ್ಕ ಸೊನ್ನೆ ಆಗುತ್ತೆ ನಿಜ, ಆದರೆ ಪ್ಯಾಡ್ ಒಣಗಲ್ಲ. ತುಂಬಿದ ಪ್ಯಾಡ್ ಮೇಲೆ ಇನ್ನೂ ಇಂಕ್ ಬಿದ್ದರೆ ಕೆಳಗಿನಿಂದ ಸೋರಿ ಟೇಬಲ್ ಮೇಲಿನ ದಾಖಲೆಗಳಿಗೆ ಹರಿಯುತ್ತೆ. ಅದಕ್ಕಿಂತ ದೊಡ್ಡ ಅಪಾಯ ಏನಂದ್ರೆ ಇಂಥ ಪುಕ್ಕಟೆ ಸಾಫ್ಟ್‌ವೇರ್ ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಅಂತ ಹೇಳ್ತಾರೆ. ನೂರಾರು ಜನರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಇರುವ ಅಂಗಡಿ ಕಂಪ್ಯೂಟರ್‌ನಲ್ಲಿ ಈ ಕೆಲಸ ಬೇಡ. ಪ್ಯಾಡ್ ಬದಲಿಸಿ ರಿಸೆಟ್ ಮಾಡಿಸೋದೇ ಸರಿಯಾದ ದಾರಿ.

ನಾಜಲ್ ಪೂರ್ತಿ ಇದ್ದೂ ಪ್ರಿಂಟ್ ಸರಿ ಇಲ್ಲದಿದ್ದರೆ

ಅಕ್ಷರ ಎರಡೆರಡಾಗಿ, ನೆರಳು ಬಿದ್ದಂತೆ ಕಾಣುತ್ತೆ. ಟೇಬಲ್‌ನ ಉದ್ದ ಗೆರೆಗಳು ಮುರಿದು ಅಂಕುಡೊಂಕಾಗಿವೆ. ಹೆಡ್ ಹೋಗುವಾಗಲೂ ಬರುವಾಗಲೂ ಇಂಕ್ ಬಿಡುತ್ತೆ, ಎರಡೂ ಒಂದೇ ಜಾಗಕ್ಕೆ ಬೀಳ್ತಿಲ್ಲ ಅಂತ ಅರ್ಥ. ಮೇಂಟೆನೆನ್ಸ್‌ನಲ್ಲಿ 'ಪ್ರಿಂಟ್ ಹೆಡ್ ಅಲೈನ್‌ಮೆಂಟ್' ಮಾಡಿ. ಬರುವ ಹಾಳೆಯಲ್ಲಿ ನಂಬರ್ ಹಾಕಿದ ಚೌಕಗಳಿರುತ್ತವೆ, ಯಾವುದರಲ್ಲಿ ಗೆರೆ ಅತಿ ಕಡಿಮೆಯೋ ಆ ನಂಬರ್ ಆರಿಸಿ. ಅರ್ಜೆಂಟ್ ಇದ್ದರೆ ಎಪ್ಸನ್‌ನ 'ಮೋರ್ ಆಪ್ಷನ್ಸ್'ನಲ್ಲಿ 'ಹೈ ಸ್ಪೀಡ್' ಅಥವಾ 'ಬೈಡೈರೆಕ್ಷನಲ್' ಟಿಕ್ ತೆಗೆದು ಪ್ರಿಂಟ್ ಕೊಡಿ. ನಿಧಾನ ಆಗುತ್ತೆ, ಆದರೆ ಅಕ್ಷರ ಕೂಡಿಕೊಳ್ಳುತ್ತೆ.

ಸುಮಾರು 2.5 ಸೆಂಟಿಮೀಟರ್‌ಗೆ ಒಂದರಂತೆ ಪಟ್ಟೆ ಬರುತ್ತೆ. ಇದು ಕಟ್ಟಿದ ನಾಜಲ್ ಅಲ್ಲ. ಪೇಪರ್ ಟೈಪ್ ತಪ್ಪಾಗಿರುತ್ತೆ ಅಥವಾ ಅಲೈನ್‌ಮೆಂಟ್ ಹೋಗಿರುತ್ತೆ. ಹಾಕಿದ್ದು ಮಾಮೂಲಿ ಎ4, ಸೆಟ್ಟಿಂಗ್‌ನಲ್ಲಿ ಇರೋದು ನಿನ್ನೆ ಫೋಟೋ ತೆಗೆದಾಗಿನ ಗ್ಲಾಸಿ. ಇದು ಅಂಗಡಿಗಳಲ್ಲಿ ದಿನಾ ಆಗೋದೇ. ಪೇಪರ್ ಟೈಪ್ 'ಪ್ಲೇನ್' ಮಾಡಿ, ಕ್ವಾಲಿಟಿ ಒಂದು ಹಂತ ಮೇಲಕ್ಕೆ ಇಡಿ.

ಎಲ್ಲಾ ತೆಳು, ಬೂದು ಬಣ್ಣ. ಕ್ವಾಲಿಟಿ 'ಡ್ರಾಫ್ಟ್'ನಲ್ಲಿ ಇದೆಯಾ ನೋಡಿ. ಇಂಕ್ ಉಳಿಸೋಕೆ ಯಾರೋ ಇಟ್ಟಿರ್ತಾರೆ. ಇಂಗ್ಲಿಷ್ ಅಕ್ಷರ ಡ್ರಾಫ್ಟ್‌ನಲ್ಲೂ ಓದೋಕೆ ಸಿಗುತ್ತೆ, ಸಣ್ಣ ಅಕ್ಷರದ ಕನ್ನಡದಲ್ಲಿ ಒತ್ತಕ್ಷರ, ಸೊನ್ನೆ ಕಲಸಿಕೊಂಡು ಸರ್ವೆ ನಂಬರ್ ಪಕ್ಕದ ಹೆಸರು ಗುರುತೇ ಸಿಗಲ್ಲ. ಪಹಣಿ, ಪ್ರಮಾಣಪತ್ರಕ್ಕೆ 'ಸ್ಟ್ಯಾಂಡರ್ಡ್'ಗಿಂತ ಕಡಿಮೆ ಬೇಡ.

ಹಾಳೆ ಮೇಲೆ ಇಂಕ್ ಮೆತ್ತಿದ ಕಲೆ. ಕಾಗದದ ತುದಿ ಸುರುಳಿಯಾಗಿ ಹೆಡ್‌ಗೆ ಉಜ್ಜುತ್ತಿರಬಹುದು, ಇಲ್ಲವೇ ಒಳಗಿನ ರೋಲರ್‌ಗೆ ಇಂಕ್ ಹತ್ತಿರುತ್ತೆ. ಗ್ಲಾಸ್ ಮೇಲೆ ಏನೂ ಇಡದೆ ಖಾಲಿ ಕಾಪಿ ಕೊಡಿ, ಹಾಳೆ ಕಲೆ ಇಲ್ಲದೆ ಬರುವ ತನಕ. ರೋಲರ್‌ನ ಇಂಕ್ ಹಾಳೆಗೆ ಹತ್ತಿ ಹೋಗುತ್ತೆ. ದಪ್ಪ ಕಾಗದಕ್ಕೆ ಡ್ರೈವರ್‌ನಲ್ಲಿ 'ಥಿಕ್ ಪೇಪರ್' ಆಯ್ಕೆ ಇದ್ದರೆ ಆನ್ ಮಾಡಿ.

ಫೋಟೋ ಒಣಗೋದೇ ಇಲ್ಲ, ಬಣ್ಣ ಹರಡುತ್ತೆ. ಫೋಟೋ ಪೇಪರ್ ಉಲ್ಟಾ ಹಾಕಿರ್ತೀರಿ. ಹೊಳೆಯುವ ಬದಿಗೇ ಇಂಕ್ ಬೀಳಬೇಕು. ಬಂದ ಕೂಡಲೇ ಒಂದರ ಮೇಲೊಂದು ಪೇರಿಸಬೇಡಿ, ಒಣಗದೆ ಲ್ಯಾಮಿನೇಷನ್‌ಗೆ ಹಾಕಬೇಡಿ.

ಸಕಲೇಶಪುರದ ಮಳೆ, ಅರಸೀಕೆರೆಯ ಧೂಳು

ನಮ್ಮ ಜಿಲ್ಲೆಯಲ್ಲಿ ಎರಡೂ ಇದೆ. ಸಕಲೇಶಪುರ ಕಡೆ ಜೂನ್‌ನಿಂದ ಆಗಸ್ಟ್ ತನಕ ಕಾಗದ ಥಂಡಿ ಹೀರಿಕೊಳ್ಳುತ್ತೆ. ಥಂಡಿ ಹಿಡಿದ ಹಾಳೆ ಮೇಲೆ ಇಂಕ್ ಹರಡಿ ಅಕ್ಷರದ ಅಂಚು ಗಡ್ಡ ಬಿಟ್ಟಂತೆ ಕಾಣುತ್ತೆ, ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗುತ್ತೆ. ರಿಮ್ ಪೂರ್ತಿ ಬಿಚ್ಚಿಡಬೇಡಿ. ಬೇಕಾದಷ್ಟು ತೆಗೆದು ಉಳಿದದ್ದನ್ನು ಅದರ ಕವರ್‌ನಲ್ಲೇ ಸುತ್ತಿ ನೆಲದಿಂದ ಎತ್ತರದಲ್ಲಿ ಮಲಗಿಸಿಡಿ. ರಾತ್ರಿ ಟ್ರೇಯಲ್ಲಿ ಹಾಳೆ ಬಿಡಬೇಡಿ.

ಅರಸೀಕೆರೆ ಕಡೆ ಬೇಸಿಗೆಯಲ್ಲಿ ತದ್ವಿರುದ್ಧ. ರಸ್ತೆ ಧೂಳು ಒಳಗೆ ಹೋಗುತ್ತೆ, ಒಣಹವೆಗೆ ನಾಜಲ್ ಬೇಗ ಕಟ್ಟುತ್ತೆ. ಎಲ್ 3110 ನಂಥ ಪ್ರಿಂಟರ್‌ಗೆ ಕಂಪನಿ ಹೇಳೋ ತಾಪಮಾನ 10ರಿಂದ 35 ಡಿಗ್ರಿ. ಶೀಟ್ ಮನೆಯ ಅಂಗಡಿಯಲ್ಲಿ ಏಪ್ರಿಲ್ ಮಧ್ಯಾಹ್ನ ಅದು ದಾಟೋದು ಸುಲಭ. ಬಿಸಿಲು ಬೀಳುವ ಜಾಗ, ಫ್ಯಾನ್ ಗಾಳಿ ನೇರ ಹೊಡೆಯೋ ಜಾಗ ಎರಡೂ ಬೇಡ. ಕೆಲಸ ಮುಗಿದ ಮೇಲೆ ಬಟ್ಟೆ ಹೊದಿಸಿ.

ಸ್ವಿಚ್ ಬೋರ್ಡ್‌ನಲ್ಲಿ ಆಫ್ ಮಾಡೋದೇ ದೊಡ್ಡ ಕಾರಣ

ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೊರಡೋದು ಎಲ್ಲರ ರೂಢಿ. ಇಂಕ್‌ಜೆಟ್‌ಗೆ ಇದು ಸರಿಯಲ್ಲ. ಪವರ್ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಬಲಗಡೆ ತನ್ನ ಜಾಗಕ್ಕೆ ಹೋಗಿ ರಬ್ಬರ್ ಕ್ಯಾಪ್ ಮೇಲೆ ಕೂರುತ್ತೆ. ಆ ಕ್ಯಾಪ್ ನಾಜಲ್‌ಗೆ ಗಾಳಿ ತಾಗದಂತೆ ಮುಚ್ಚಿಡುತ್ತೆ, ಪೆನ್ನಿನ ಮುಚ್ಚಳ ಇದ್ದ ಹಾಗೆ. ಪ್ರಿಂಟ್ ಆಗ್ತಿರುವಾಗಲೇ ಬೋರ್ಡ್‌ನಲ್ಲಿ ಕಿತ್ತರೆ ಹೆಡ್ ನಡುದಾರಿಯಲ್ಲಿ ಮುಚ್ಚಳ ಇಲ್ಲದೆ ರಾತ್ರಿಯೆಲ್ಲಾ ಒಣಗುತ್ತೆ.

ಕರೆಂಟ್ ಹೋದಾಗಲೂ ಇದೇ ಕಥೆ. ವಾಪಸ್ ಬಂದ ತಕ್ಷಣ ಒಮ್ಮೆ ಆನ್ ಮಾಡಿ, ಹೆಡ್ ಜಾಗಕ್ಕೆ ಹೋದ ಮೇಲೆ ಬಟನ್‌ನಲ್ಲೇ ಆಫ್ ಮಾಡಿ. ಲೈಟ್ ಪೂರ್ತಿ ಆರಿದ ಮೇಲೆ ಬೋರ್ಡ್ ಸ್ವಿಚ್. ಮನೆಯಲ್ಲಿ ಅಪರೂಪಕ್ಕೆ ಬಳಸುವವರು ವಾರಕ್ಕೆ ಒಂದು ಕಲರ್ ಪುಟವಾದರೂ ತೆಗೀರಿ. ಹತ್ತು ದಿನ ಊರಿಗೆ ಹೋಗಿ ಬಂದವರ ಪ್ರಿಂಟರ್ ಕಟ್ಟೋದು ಇದೇ ಕಾರಣಕ್ಕೆ.

ಇಂಕ್: ಮಿಕ್ಸ್ ಬೇಡ, ನೀರಿನ ಪರೀಕ್ಷೆ ಮಾಡಿ

ಇಂಕ್‌ನಲ್ಲಿ ಎರಡು ಜಾತಿ. ಡೈ ಇಂಕ್ ನೀರಿನಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣದ ಅತಿ ಸಣ್ಣ ಕಣಗಳು ತೇಲುತ್ತಿರುತ್ತವೆ. ಕ್ಯಾನನ್ ಜಿ 2010, ಎಚ್‌ಪಿ ಸ್ಮಾರ್ಟ್ ಟ್ಯಾಂಕ್ ಅಂಥವುಗಳಲ್ಲಿ ಕಪ್ಪು ಪಿಗ್ಮೆಂಟ್, ಬಣ್ಣಗಳು ಡೈ. ಎಪ್ಸನ್‌ನಲ್ಲಿ ಮಾಡೆಲ್‌ಗೆ ತಕ್ಕಂತೆ ಬೇರೆ. ಡೈಗಾಗಿ ಮಾಡಿದ ಟ್ಯಾಂಕ್‌ಗೆ ಪಿಗ್ಮೆಂಟ್ ಸುರಿದರೆ ನಾಜಲ್ ಕಟ್ಟೋ ಸಾಧ್ಯತೆ ಹೆಚ್ಚು. ಬಾಟಲಿಯ ನಂಬರ್ ನೋಡಿಯೇ ಹಾಕಿ. ಲೋಕಲ್ ಇಂಕ್ ಬಳಸುವವರು ಕನಿಷ್ಠ ಒಂದೇ ಬ್ರ್ಯಾಂಡ್‌ಗೆ ಅಂಟಿಕೊಳ್ಳಿ, ವಾರಂಟಿ ಇರುವ ಪ್ರಿಂಟರ್‌ಗೆ ಹಾಕುವ ಮೊದಲು ವಾರಂಟಿ ಷರತ್ತು ಓದಿ. ಯಾವುದೇ ಟ್ಯಾಂಕ್ ಕೆಳಗಿನ ಗೆರೆ ದಾಟಲು ಬಿಡಬೇಡಿ.

ನಿಮ್ಮ ಅಂಗಡಿಯ ಕಪ್ಪು ಯಾವ ಜಾತಿ ಅಂತ ತಿಳಿಯಬೇಕಾ? ಮಾಮೂಲಿ ಹಾಳೆ ಮೇಲೆ ನಾಲ್ಕು ಸಾಲು ಪ್ರಿಂಟ್ ತೆಗೆದು ಒಂದು ಗಂಟೆ ಒಣಗಿಸಿ, ಒಂದು ಹನಿ ನೀರು ಹಾಕಿ. ಅಕ್ಷರ ಕರಗಿ ಹರಿದರೆ ಡೈ. ಅಂಥ ಹಾಳೆಯನ್ನು ಮಳೆಗಾಲದಲ್ಲಿ ಗ್ರಾಹಕರಿಗೆ ಬರಿಗೈಗೆ ಕೊಡಬೇಡಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕೊಡಿ. ವರ್ಷಗಟ್ಟಲೆ ಇಡಬೇಕಾದ ದಾಖಲೆಗೆ ಲೇಸರ್ ಪ್ರಿಂಟ್ ಒಳ್ಳೆಯದು, ಅದರ ಪುಡಿ ಬಿಸಿಗೆ ಕಾಗದಕ್ಕೆ ಅಂಟಿರುತ್ತೆ, ನೀರಿಗೆ ಕರಗಲ್ಲ.

ಹೆಡ್ ಎಲ್ಲಿದೆ ಅನ್ನೋದರ ಮೇಲೆ ರಿಪೇರಿ ಖರ್ಚು

ಎಚ್‌ಪಿ 803, 805 ನಂಥ ಕಾರ್ಟ್ರಿಜ್‌ಗಳಲ್ಲಿ ಹೆಡ್ ಕಾರ್ಟ್ರಿಜ್‌ನಲ್ಲೇ ಇದೆ. ಹೊಸ ಕಾರ್ಟ್ರಿಜ್ ಹಾಕಿದರೆ ಹೊಸ ಹೆಡ್ ಬಂದಂತೆ. ಕ್ಯಾನನ್ ಜಿ ಸರಣಿ, ಎಚ್‌ಪಿ ಇಂಕ್ ಟ್ಯಾಂಕ್‌ಗಳಲ್ಲಿ ಹೆಡ್ ಬೇರೆಯಾಗಿ ಸಿಗುತ್ತೆ, ಕಪ್ಪಿಗೆ ಒಂದು, ಕಲರ್‌ಗೆ ಒಂದು. ಎಪ್ಸನ್ ಎಲ್ ಸರಣಿಯಲ್ಲಿ ಹೆಡ್ ಪ್ರಿಂಟರ್‌ಗೇ ಜೋಡಿಸಿದ ಭಾಗ. ಅದು ಇಂಕನ್ನು ಬಿಸಿ ಮಾಡದೆ ಒತ್ತಿ ಚಿಮ್ಮಿಸೋ ಪೀಜೋ ಹೆಡ್, ಬಾಳಿಕೆ ಬರುತ್ತೆ, ಆದರೆ ಹೋದರೆ ಬದಲಿಸೋ ಖರ್ಚು ಜಾಸ್ತಿ. ಹಾಗಾಗಿ ಎಪ್ಸನ್ ಇದ್ದವರು ಹೆಡ್ ಮೇಲೆ ಪ್ರಯೋಗ ಮಾಡೋದು ಬೇಡವೇ ಬೇಡ. ಬಿಸಿನೀರು, ಸ್ಪಿರಿಟ್, ಥಿನ್ನರ್ ಸಿರಿಂಜ್‌ನಲ್ಲಿ ತಳ್ಳೋ ವಿಡಿಯೋ ನೋಡಿ ಮಾಡಿದರೆ ಒಳಗಿನ ಸೀಲ್ ಹೋಗಬಹುದು, ಸರ್ಕಿಟ್‌ಗೆ ನೀರು ಇಳಿದು ಬೋರ್ಡ್ ಸುಡಬಹುದು. ಹೆಡ್ ಓಡೋ ದಾರಿಯಲ್ಲಿ ಎಳೆದು ಕಟ್ಟಿದ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯನ್ನೂ ಮುಟ್ಟಬೇಡಿ, ಹೆಡ್ ಎಲ್ಲಿದೆ ಅಂತ ಪ್ರಿಂಟರ್‌ಗೆ ತಿಳಿಯೋದು ಅದರಿಂದಲೇ.

ಗ್ರಾಹಕರು ಅಂಗಡಿ ಬಿಡೋ ಮೊದಲು ನೋಡಬೇಕಾದ್ದು

ದುಡ್ಡು ಕೊಟ್ಟು ಹಾಳೆ ಮಡಚಿ ಜೇಬಿಗೆ ಹಾಕೋ ಮೊದಲು ಅರ್ಧ ನಿಮಿಷ ನೋಡಿ. ಹೆಸರು, ಸರ್ವೆ ನಂಬರ್, ಆರ್‌ಡಿ ನಂಬರ್ ಮೇಲೆ ಬಿಳಿ ಗೆರೆ ಹಾದುಹೋಗಿದೆಯಾ? 3, 8, 6 ಸ್ಪಷ್ಟ ಇವೆಯಾ? ಕ್ಯೂಆರ್ ಕೋಡ್ ಇದ್ದರೆ ನಿಮ್ಮ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಫೋನೇ ಗುರುತಿಸದಿದ್ದರೆ ಕೌಂಟರ್‌ನಲ್ಲೂ ತೊಂದರೆ ಆಗಬಹುದು. ಗೆರೆ ಗೆರೆ ಇರುವ ಬಾರ್‌ಕೋಡ್ ಹಾಳೆಗೆ ಅಡ್ಡವಾಗಿ ತಿರುಗಿ ಪ್ರಿಂಟ್ ಆಗಿದ್ದರೆ ಇನ್ನೂ ಎಚ್ಚರ. ನಾಜಲ್ ಬಿಟ್ಟ ಬಿಳಿ ಗೆರೆ ಅಲ್ಲಿ ಬಾರ್‌ಕೋಡ್‌ನದೇ ಗೆರೆಯಂತೆ ಸೇರಿಕೊಂಡು ಓದೋದು ತಪ್ಪುತ್ತೆ. ಸರಿ ಇಲ್ಲ ಅನ್ನಿಸಿದರೆ 'ಅಣ್ಣಾ, ಇನ್ನೊಂದು ತೆಗೆದುಕೊಡಿ' ಅಂತ ಕೇಳೋಕೆ ಸಂಕೋಚ ಬೇಡ.

ಟೆಕ್ನಿಷಿಯನ್‌ಗೆ ಯಾವಾಗ ಫೋನ್ ಮಾಡಬೇಕು?

ಬಿಡುವು ಕೊಟ್ಟು, ಒಂದು ಪವರ್ ಕ್ಲೀನಿಂಗ್ ಆದಮೇಲೂ ಅದೇ ನಾಜಲ್‌ಗಳು ಬರದಿದ್ದರೆ, ಒಂದು ಬಣ್ಣ ಪೂರ್ತಿ ವಾಪಸ್ ಬರದಿದ್ದರೆ, ಪ್ರಿಂಟರ್ ಕೆಳಗೆ ಇಂಕ್ ಸೋರಿದ್ದರೆ, ಹೆಡ್ ಬಡಿಯೋ ಶಬ್ದ ಬಂದರೆ ಅಲ್ಲಿಗೆ ನಿಲ್ಲಿಸಿ. ಫೋನ್‌ನಲ್ಲಿ 'ಪ್ರಿಂಟ್ ಬರ್ತಿಲ್ಲ' ಅಂದ್ರೆ ಅವರಿಗೆ ಏನೂ ತಿಳಿಯಲ್ಲ. ಮಾಡೆಲ್, ಯಾವ ಬಣ್ಣ, ಎಷ್ಟು ಸಲ ಕ್ಲೀನಿಂಗ್ ಆಗಿದೆ, ಕಡೆಯ ಎರಡು ನಾಜಲ್ ಚೆಕ್ ಹಾಳೆಯ ಫೋಟೋ ಇಷ್ಟು ಕಳಿಸಿ. ಹೆಡ್ ಹೋಗಿದೆ, ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಅದೇ ಹಾಳೆ ಮುಂದಿಟ್ಟು ಯಾವ ಗೆರೆ ನೋಡಿ ಹೇಳ್ತಿದ್ದೀರಿ ಅಂತ ಕೇಳಿ. ನಾಜಲ್ ಪೂರ್ತಿ ಇರುವ ಹಾಳೆ ಕೈಯಲ್ಲಿದ್ದರೆ ಬೇಡದ ಹೆಡ್‌ಗೆ ದುಡ್ಡು ಕೊಡೋ ಪ್ರಮೇಯ ಬರಲ್ಲ.

ಅಂಗಡಿ ಗೋಡೆಗೆ ಅಂಟಿಸಿಡಲು

1. ಜೆರಾಕ್ಸ್‌ನಲ್ಲಿ ಮಾತ್ರ ಗೆರೆ: ಗ್ಲಾಸ್ ಒರೆಸಿ.
2. ಒಂದು ಫೈಲ್ ಮಾತ್ರ ಮಸುಕು: ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿ.
3. ಅಡ್ಡ ಬಿಳಿ ಗೆರೆ: ನಾಜಲ್ ಚೆಕ್, ಒಂದೇ ಜಾಗ ಬಿಟ್ಟರೆ ಕ್ಲೀನಿಂಗ್.
4. ಜೋಡಿ ಅಕ್ಷರ, ಮುರಿದ ಉದ್ದ ಗೆರೆ: ಅಲೈನ್‌ಮೆಂಟ್.
5. ಪಟ್ಟೆ ಪಟ್ಟೆ: ಪೇಪರ್ ಟೈಪ್ ಸರಿ ಮಾಡಿ.
6. ಮೂರು ಕ್ಲೀನಿಂಗ್ ಆಯ್ತು, ಸರಿ ಹೋಗ್ಲಿಲ್ಲ: ಆಫ್ ಮಾಡಿ, 12 ಗಂಟೆ ಬಿಡಿ (ಕ್ಯಾನನ್‌ಗೆ ಎರಡು ಕ್ಲೀನಿಂಗ್, ಒಂದು ಡೀಪ್ ಕ್ಲೀನಿಂಗ್, ಆಮೇಲೆ 24 ಗಂಟೆ).
7. ಅಂಗಡಿ ಮುಚ್ಚುವಾಗ: ಮೊದಲು ಪವರ್ ಬಟನ್, ಆಮೇಲೆ ಬೋರ್ಡ್ ಸ್ವಿಚ್.
8. ಸೋಮವಾರ ಬೆಳಗ್ಗೆ ಮೊದಲ ಹಾಳೆ: ನಾಜಲ್ ಚೆಕ್. ತಾರೀಖು ಬರೆದು ಫೈಲ್‌ಗೆ ಹಾಕಿ.